ಮುಕ್ಕಾಲು ಗಂಟೆಯ ವಿಮಾನಯುದ್ಧ

ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದವರಿಗೆ "ಬತ್ತದೆ, ಕೂತ್ಕೊಳ್ಳಿ" ಎನ್ನುವ ಜನರನ್ನು ನಾನು ಎಂದೂ ಕ್ಷಮಿಸಿದವನಲ್ಲ. ಯಾವಾಗ ಎಂದು ಕೇಳಿದವನಿಗೆ ಕೂರಲು ಹೇಳುವುದು ಉತ್ತರವಲ್ಲ, ಅವಮಾನ. ಮಂಡ್ಯದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕೂತಿದ್ದ ಅಷ್ಟೂ ವರ್ಷ ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿಲ್ಲ. ಪಕ್ಕದ ಕುರ್ಚಿಯವನು ದಿನಕ್ಕೆ ನೂರು ಸಲ ಹೇಳುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಮದ್ದೂರಿನ ಬಸ್ಸು ಯಾವಾಗ, ಮಳವಳ್ಳಿಯದು ಯಾವಾಗ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಿಮಿಷ ಸಮೇತ ಹೇಳುತ್ತಿದ್ದೆ. ನಿವೃತ್ತಿ ನನ್ನಿಂದ ಕೆಲಸವನ್ನು ಕಿತ್ತುಕೊಂಡಿತೇ ಹೊರತು ಸೀಟಿಯನ್ನಲ್ಲ. ಅದು ಈಗಲೂ ಶರ್ಟಿನ ಜೇಬಿನಲ್ಲಿದೆ. ನಮ್ಮ ಮನೆಯಲ್ಲಿ ಕಾಫಿ, ಸ್ನಾನ, ಪತ್ರಿಕೆ, ಊಟ ಎಲ್ಲವೂ ಹೊತ್ತಿಗೆ ಸರಿಯಾಗಿ ಹೊರಡುತ್ತವೆ, ಹೊತ್ತಿಗೆ ಸರಿಯಾಗಿ ತಲುಪುತ್ತವೆ. ಹೆಂಡತಿ ಜಯಮ್ಮ ಮಾತ್ರ "ನಾನೇನು ಎಕ್ಸ್‌ಪ್ರೆಸ್ ಗಾಡಿಯಾ?" ಎಂದು ಆಗಾಗ ಕೇಳುತ್ತಾಳೆ. ಅವಳು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಗಾಡಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ.

ಇಂಥ ನನಗೆ ಹೋದ ತಿಂಗಳು ಒಂದು ಆಘಾತವಾಯಿತು. ಎದೆಯ ಡಾಕ್ಟರು ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದರು. ಆಗಿದ್ದು ಎದೆಗಲ್ಲ ಎಂದು ಅವರಿಗೆ ವಿವರಿಸಲು ನನಗೆ ನಾಚಿಕೆಯಾಯಿತು.

ಜಯಮ್ಮನ ತಮ್ಮ ನಿಂಗೇಗೌಡ ಇರುವುದು ಮಳವಳ್ಳಿಯಲ್ಲಿ. ಅವನ ಮಗಳ ಮದುವೆ ಮುಗಿದು, ಆ ಭಾನುವಾರ ಬೀಗರ ಊಟ. ನಮ್ಮ ಕಡೆ ಬೀಗರ ಊಟವೆಂದರೆ ಮದುವೆಗಿಂತ ಒಂದು ಕೈ ಮೇಲು. ಮುಹೂರ್ತಕ್ಕೆ ಬಾರದವನನ್ನು ಮರೆಯುತ್ತಾರೆ, ಬಾಡೂಟಕ್ಕೆ ಬಾರದವನನ್ನು ಮರೆಯುವುದಿಲ್ಲ. ನಿಂಗೇಗೌಡ ತಾನೇ ಬಂಡೂರಿಗೆ ಹೋಗಿ, ಕುರಿಗಳ ಬೆನ್ನು ಒತ್ತಿ ನೋಡಿ ಆರಿಸಿ ತಂದಿದ್ದ. ಫೋನಿನಲ್ಲಿ ಹೇಳಿದ: "ಬಾವ, ಮೊದಲ್ನೇ ಪಂಕ್ತಿ ಅನ್ನೆರಡೂವರೆಗೆ. ಬೀಗ್ರ ಪಕ್ಕದಲ್ಲೇ ನಿಮ್ಮೆಲೆ. ನಮ್ ಬಾವ ಕೂತ್ಮೇಲೇ ಬಡ್ಸಾದು ಅಂತ ಯೋಳ್ಬುಟ್ಟಿವ್ನಿ. ಅವರು ಒಳಿಕ್ಕೆ ಕಾಲಿಡದು ನೋಡ್ಕಂಡು ನಿಮ್ ವಾಚು ಸರಿ ಮಾಡ್ಕಳಿ ಅಂತ ಬೀಗ್ರಿಗೂ ಅಂದೀನಿ."

ಇದನ್ನು ಕೇಳಿ ನನಗಾದ ಸಂತೋಷ ನಿವೃತ್ತಿಯ ದಿನ ಹಾಕಿದ ಹಾರದಿಂದಲೂ ಆಗಿರಲಿಲ್ಲ.

ಜಯಮ್ಮ ಮತ್ತು ಮಗಳು ಶೋಭಾ ಹಿಂದಿನ ದಿನವೇ ಹೋದರು. ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು ಅಳಿಯ ಪ್ರಕಾಶ ಬಂದ. ಭಾರತೀನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಹುಡುಗ. ಒಳ್ಳೆಯವನು, ಮಾತು ಕಡಿಮೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದೊಂದೇ ಅವನ ದೋಷ ಎಂಬುದು ನನಗೆ ಆಮೇಲೆ ತಿಳಿಯಿತು. ಅವನ ಕೈಯಲ್ಲಿ ಒಂದು ದೊಡ್ಡ ಡಬ್ಬವಿತ್ತು. ಒಳಗೆ ಹೆಬ್ಬೆರಳು ಗಾತ್ರದ ಯುದ್ಧವಿಮಾನಗಳು, ಅವನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸಲು ಸಣ್ಣ ಸಣ್ಣ ಕಡ್ಡಿಗಳು, ಒಂದು ರಾಶಿ ಕಾರ್ಡು, ಅಳತೆಗೊಂದು ಪಟ್ಟಿ, ಜೊತೆಗೆ ಮದುವೆ ಮನೆಯ ಸಾಮಾನಿನ ಚೀಟಿಗಿಂತ ಉದ್ದದ ನಿಯಮಗಳ ಪುಸ್ತಕ. ಡಬ್ಬದ ಮೇಲೆ ಮೂಲೆಯಲ್ಲಿ ಒಂದು ಗಡಿಯಾರದ ಚಿತ್ರ, ಅದರ ಪಕ್ಕದಲ್ಲಿ 45 ನಿಮಿಷ ಎಂದು ಅಚ್ಚಾಗಿತ್ತು.

ನಾನು ಮೋಸಹೋದದ್ದು ಅಲ್ಲೇ. ಅಚ್ಚಾದ ವೇಳೆಯನ್ನು ನಂಬಿ ಬದುಕಿದವನು ನಾನು. ಭಾನುವಾರ ಎಂಟೂವರೆಗೆ ತಿಂಡಿ ಮುಗಿದಿತ್ತು. ಹನ್ನೊಂದಕ್ಕೆ ಹೊರಟರೆ ಸಾಕು. ನಡುವೆ ಮುಕ್ಕಾಲು ಗಂಟೆಯ ಒಂದು ಟ್ರಿಪ್ಪು ಧಾರಾಳವಾಗಿ ಹೋಗಿ ಬರಬಹುದು. "ಹಾಕಪ್ಪ ನೋಡೋಣ" ಎಂದೆ. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಸ್ವಾಮಿ ಬಿಳಿ ಪಂಚೆ ಉಟ್ಟು ಸಿದ್ಧನಾಗಿ ಬಂದ. ನಮ್ಮ ಜೊತೆ ಕಾರಿನಲ್ಲಿ ಊಟಕ್ಕೆ ಬರುವವನು ಅವನು; ಆಲೆಮನೆಯನ್ನು ಮಗನಿಗೆ ವಹಿಸಿ, ನನ್ನ ಜೊತೆ ಜಗಳವಾಡುವುದನ್ನು ಪೂರ್ಣಾವಧಿ ಉದ್ಯೋಗ ಮಾಡಿಕೊಂಡಿದ್ದಾನೆ. ಅವನಿಗೂ ಒಂದು ಕೆಂಪು ವಿಮಾನ ಕೊಟ್ಟೆವು.

ಆಟ ಶಿಸ್ತಾಗಿ ನಡೆಯಲೆಂದು ನಾನೇ ಮೂರು ಏರ್ಪಾಟು ಮಾಡಿದೆ. ಎಲ್ಲರ ಫೋನು ಬೀರುವಿನೊಳಗೆ, ಬೀರುವಿನ ಕೀಲಿ ನನ್ನ ಜೇಬಿನಲ್ಲಿ. ಯೋಚನೆ ಮಾಡಲು ಒಬ್ಬೊಬ್ಬರಿಗೆ ಒಂದೇ ನಿಮಿಷ, ಮುಗಿದ ಕೂಡಲೇ ನನ್ನ ಸೀಟಿ. ವ್ಯಾಜ್ಯ ಬಂದರೆ ಕಂಟ್ರೋಲರ್ ತೀರ್ಪೇ ಅಂತಿಮ. ಮುಂದೆ ಆದ ಅನಾಹುತವೆಲ್ಲ ಈ ಮೂರರಿಂದಲೇ ಆದದ್ದು.

ಆಟದ ಕ್ರಮ ಹೀಗೆ. ಪ್ರತಿಯೊಬ್ಬನೂ ತನ್ನ ವಿಮಾನ ಮುಂದೆ ಎತ್ತ ತಿರುಗಬೇಕೆಂದು ಗುಟ್ಟಾಗಿ ಕಾರ್ಡು ಆರಿಸಿ ಬೋರಲು ಹಾಕಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ತೆರೆದು ವಿಮಾನ ಸರಿಸಬೇಕು. ಎದುರಾಳಿ ಪಟ್ಟಿಯಳತೆಯೊಳಗೆ ಸಿಕ್ಕಿದರೆ ಗುಂಡು. ಕೇಳಲು ಸುಲಭ. ಆದರೆ ಪುಟ್ಟಸ್ವಾಮಿ ಕಾರ್ಡು ಆರಿಸುವುದೆಂದರೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ಹಾಗೆ. ಹಿಂದೆ ನೋಡುತ್ತಾನೆ, ಮುಂದೆ ನೋಡುತ್ತಾನೆ, ಬೇಡವೆಂದು ಎದ್ದು ಹೋಗುತ್ತಾನೆ, ಮತ್ತೆ ಬರುತ್ತಾನೆ. ನಾನು ಸೀಟಿ ಊದಿದೆ.

"ಇಸಲ್ ಊದುದ್ರೆ ಬಸ್ಸು ಒಲ್ಡತದೆ, ಬುದ್ದಿ ಒಲ್ಡಕಿಲ್ಲ ಕಣಪ್ಪ ಕಂಟ್ರೋಲ್ರೇ" ಎಂದ.

"ನಿನ್ನ ಬುದ್ಧಿ ಡಿಪೋದಿಂದಲೇ ಹೊರಟಿಲ್ಲ" ಎಂದೆ. ಈ ಮಾತಿಗೆ ಕಾಲುಗಂಟೆ ಹೋಯಿತು.

ಗುಂಡಿನ ಅಳತೆಗೆ ಇನ್ನಷ್ಟು. ಪಟ್ಟಿಯ ತುದಿ ವಿಮಾನಕ್ಕೆ ತಗುಲಿತೋ ಇಲ್ಲವೋ ಎಂದು ಪ್ರಕಾಶ ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. "ಅರ್ಧ ಮಿಲಿಮೀಟರ್ ಕಡಿಮೆ ಇದೆ ಮಾವ" ಎನ್ನುತ್ತಿದ್ದ. ಸಂಶಯ ಬಂದರೆ ಪುಸ್ತಕ. ಪುಸ್ತಕದಲ್ಲಿ ಒಂದು ನಿಯಮ ಹುಡುಕಿದರೆ ಅದು ಇನ್ನೊಂದು ಪುಟಕ್ಕೆ ಕಳಿಸುತ್ತಿತ್ತು, ಆ ಪುಟ ಮತ್ತೊಂದಕ್ಕೆ.

ಹೀಗಿದ್ದರೂ ಹತ್ತೂವರೆಯ ಸುಮಾರಿಗೆ ಆಟ ಮುಗಿಯುವ ಲಕ್ಷಣ ಕಂಡಿತು. ನಾನು ಕೆಂಪು ವಿಮಾನದ ಬಾಲ ಹಿಡಿದಿದ್ದೆ. ಪುಟ್ಟಸ್ವಾಮಿ ಓಡಿ ಓಡಿ ಮೇಜಿನ ಅಂಚಿಗೆ ಬಂದ. ಇನ್ನೊಂದು ಹೆಜ್ಜೆ ಇಟ್ಟರೆ ಆಚೆ. ಆಚೆ ಹೋದವನು ಆಟದಿಂದ ಔಟು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು. ಪುಟ್ಟಸ್ವಾಮಿ ಎದ್ದು ನಿಂತು ಪಂಚೆ ಮೇಲೆ ಕಟ್ಟಿ ನನ್ನ ಕಡೆ ತಿರುಗಿದ.

"ಏನ್ಲಾ ಇದು ನ್ಯಾಯ! ಮೇಜು ಮುಗುದ್ರೆ ಆಕಾಸ ಮುಗೀತದಾ? ನೀನು ಓದ್ದೋನು, ನೀನೇ ಯೋಳು!"

ಪ್ರಶ್ನೆ ನನ್ನನ್ನು ತಟ್ಟಿತು. ಮಂಡ್ಯದ ಗಡಿ ಮುಗಿಯಿತೆಂದು ನಾನು ಯಾವ ಬಸ್ಸನ್ನೂ ವಾಪಸು ಕರೆಸಿದವನಲ್ಲ. ಕಂಟ್ರೋಲರ್ ತೀರ್ಪು ಕೊಟ್ಟೆ: ಆಕಾಶ ಮುಗಿಯುವುದಿಲ್ಲ. ಮೇಜಿಗೆ ಟೀಪಾಯಿ ಜೋಡಿಸಿದೆವು. ಟೀಪಾಯಿ ತಗ್ಗಾಯಿತು ಎಂದು ಕೆಳಗೆ ಜಯಮ್ಮನ ಮಸಾಲೆ ಡಬ್ಬಗಳನ್ನು ಇಟ್ಟೆವು. ಕೆಂಪು ವಿಮಾನ ಅದನ್ನೂ ದಾಟಿತು. ದಿವಾನ ಎಳೆದೆವು. ಹನ್ನೊಂದು ಗಂಟೆಗೆ ನಮ್ಮ ಆಕಾಶ ಊಟದ ಮೇಜಿನಿಂದ ಹೊರಟು ಹಜಾರದ ಕಿಟಕಿಯವರೆಗೆ ಹಬ್ಬಿತ್ತು. ಅದರಲ್ಲಿ ಮೂರು ವಿಮಾನಗಳು ಒಂದನ್ನೊಂದು ಹುಡುಕುತ್ತಿದ್ದವು.

ಹನ್ನೊಂದಾಗಿದ್ದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. "ಇನ್ನೈದು ನಿಮಿಷ" ಎಂದೆ. ನನ್ನ ವಿಮಾನಕ್ಕೆ ಪ್ರಕಾಶನ ಗುಂಡು ತಗುಲಿ, ಆಟದ ಲೆಕ್ಕದಲ್ಲಿ ಹೊಗೆ ಬರುತ್ತಿತ್ತು. ಮೇಜಿನ ಆ ತುದಿಯಲ್ಲಿದ್ದ ನನ್ನ ವಿಮಾನನೆಲೆಗೆ ಇಳಿಸಿಬಿಟ್ಟರೆ ಗೆಲುವು ನನ್ನದು. ದಾರಿಯಲ್ಲಿ ಬಸ್ಸು ಬಿಟ್ಟು ಹೋದ ಡ್ರೈವರಿಗೆ ಮೆಮೊ ಕೊಡಿಸಿದವನು ನಾನು. ಉರಿಯುವ ವಿಮಾನವನ್ನು ದಿವಾನದ ಮೇಲೆ ಬಿಟ್ಟು ಹೇಗೆ ಏಳಲಿ? ಬೀರುವಿನೊಳಗೆ ಏನೋ ಗುಂಯ್ ಗುಂಯ್ ಎಂದಿತು. ಜಿರಲೆ ಇರಬೇಕು ಎಂದ ಪುಟ್ಟಸ್ವಾಮಿ. ಇರಬೇಕು ಎಂದೆ ನಾನು. ಮತ್ತೆ ತಲೆ ಎತ್ತಿ ಗಡಿಯಾರ ನೋಡಿದಾಗ ಒಂದೂವರೆ.

ಒಂದೂವರೆ! ಹೊತ್ತಿಗೆ ಸರಿಯಾಗಿ ಹಸಿಯುವ ನನ್ನ ಹೊಟ್ಟೆಯೂ ಸುಮ್ಮನಿತ್ತು. ನಾನು ಹತ್ತಿರ ಹೋಗಿ ಗಡಿಯಾರಕ್ಕೆ ಕಿವಿಯಿಟ್ಟೆ. ಓಡುತ್ತಿತ್ತು. ಕೆಟ್ಟಿದ್ದು ಅದಲ್ಲ.

ಬೀರು ತೆಗೆದರೆ ಜಯಮ್ಮನ ಕರೆಗಳು ಸಾಲುಗಟ್ಟಿ ನಿಂತಿದ್ದವು. ತಿರುಗಿ ಮಾಡಿದರೆ ಅವಳದೂ ಮಿಕ್ಕವರದೂ ಬರೀ ಎಂಗೇಜು. ಕಾರು ಓಡಿತು ಎನ್ನಬೇಕು, ಆದರೆ ಭಾರತೀನಗರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ಅಲ್ಲಿಂದ ಸ್ವಲ್ಪ ಮುಂದೆ, ನಾಲೆಯ ಏರಿಯ ಮೇಲೆ ಒಬ್ಬ ಬೈಕು ನಿಲ್ಲಿಸಿ ನೀರಿನೊಳಗೆ ಇಣುಕಿ ನೋಡುತ್ತಿದ್ದ. ನೋಡಿದರೆ ನಿಂಗೇಗೌಡನ ಮಗ ಮಂಜು.

"ಏನ್ ಹುಡುಕ್ತಿದ್ದೀಯೋ?" ಎಂದೆ.

ಅವನು ನನ್ನನ್ನು ದೆವ್ವ ನೋಡಿದಂತೆ ನೋಡಿದ. "ನಿಮ್ಮುನ್ನೇ ಮಾವ." ಆಮೇಲೆ ಫೋನು ಕಿವಿಗಿಟ್ಟು ಕೂಗಿದ: "ಅಪ್ಪಾ, ಸಿಕ್ಕುದ್ರು! ಹೂಂ, ಉಸುರಾಡ್ತಾವ್ರೆ!"

ಆಗ ನನಗೆ ವಿಷಯ ತಿಳಿಯಿತು. ಬೇರೆ ಯಾರೇ ತಡವಾದರೂ ತಡವಾದರು ಎಂದುಕೊಳ್ಳುತ್ತಾರೆ. ನಾನು ತಡವಾದರೆ ಸತ್ತ ಎಂದುಕೊಳ್ಳುತ್ತಾರೆ. ಆ ಮನೆಯ ಹಿರಿಯರಿಗೆ ಏನೋ ಆಗಿದೆಯಂತೆ ಎಂದು ಹೊಸ ಬೀಗರು ಎಲೆಯ ಮುಂದೆ ಕೂತವರು ಹಾಗೇ ಎದ್ದುಬಿಟ್ಟಿದ್ದರಂತೆ. ಅವರು ಎದ್ದ ಮೇಲೆ ಯಾರು ಉಣ್ಣುತ್ತಾರೆ? ಇಡೀ ಶಾಮಿಯಾನ ಬಂಡೂರು ಕುರಿಯ ಸಾರಿನ ಘಮ ಕುಡಿದುಕೊಂಡು, ನನ್ನ ಸಾವಿನ ಸುದ್ದಿಗೆ ಕಾಯುತ್ತಿತ್ತು.

ಮಳವಳ್ಳಿ ತಲುಪಿದಾಗ ಸಂಜೆಯೇ ಹತ್ತಿರ. ನಾನು ಕಾರಿನಿಂದ ಇಳಿದದ್ದನ್ನು ನೋಡಿ ಒಬ್ಬರೂ ವಾಚು ಸರಿ ಮಾಡಿಕೊಳ್ಳಲಿಲ್ಲ. ಜಯಮ್ಮ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ನಿಂಗೇಗೌಡ ನನ್ನ ಎರಡೂ ತೋಳು ಮುಟ್ಟಿ ಮುಟ್ಟಿ ನೋಡಿದ. "ಏನಾಯ್ತು ಬಾವ? ಗಾಡಿ ಕೆಟ್ಟೋಯ್ತಾ? ಎದೆನೋವಾ?"

ಹೌದು ಎನ್ನಲು ನಾನು ಬಾಯಿ ತೆರೆದಿದ್ದೆ. ಎರಡರಲ್ಲಿ ಯಾವುದಕ್ಕೆ ಎನ್ನಬೇಕೆಂದು ಯೋಚಿಸುವಷ್ಟರಲ್ಲಿ ಅಳಿಯ ಉತ್ತರ ಕೊಟ್ಟ.

"ಇಲ್ಲ, ಮಾವ ಲ್ಯಾಂಡ್ ಆಗ್ತಿದ್ರು."

"ಎಲ್ಲಿ?"

"ಊಟದ ಮೇಜಿನ ಮೇಲೆ."

ಬೀಗರೂ ಹತ್ತಿರ ಬಂದರು. ಪುಟ್ಟಸ್ವಾಮಿ ಇದ್ದದ್ದನ್ನೆಲ್ಲ ಇದ್ದಂತೆ, ಆಕಾಶದ ಪ್ರಶ್ನೆಯನ್ನು ಕೊಂಚ ಹೆಚ್ಚಾಗಿಯೇ, ವಿವರಿಸಿದ. ನಿಂಗೇಗೌಡ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಪ್ರಕಾಶನನ್ನು ಕೇಳಿದ: "ಅಲ್ಲಾ ಕಣಪ್ಪ, ಬೆಳಗ್ಗಿಂದ ಆಡುದ್ರಲ್ಲ, ಆ ಯುದ್ದ ಎಷ್ಟೊತ್ತು ನಡೀತು?"

"ನಿಜವಾದ ಆಕಾಶದ ಲೆಕ್ಕದಲ್ಲಾ?" ಪ್ರಕಾಶ ಮನಸ್ಸಿನಲ್ಲೇ ಗುಣಿಸಿದ. "ಒಂದು ಸುತ್ತು ಅಂದ್ರೆ ಎರಡು ಮೂರು ಸೆಕೆಂಡು. ಒಟ್ಟು ಒಂದು ನಿಮಿಷ ಆಗಿರಬೇಕು. ಇನ್ನೂ ಮುಗಿದಿಲ್ಲ."

ನನಗೆ ಆಘಾತವಾದದ್ದು ಆಗ. ಐದು ಗಂಟೆ ನಾನು ಬೆವರು ಸುರಿಸಿ, ಕೆನ್ನೆ ಒತ್ತಿ, ಸೀಟಿ ಊದಿ ಸಾಗಿಸಿದ್ದು ಒಂದೇ ಒಂದು ನಿಮಿಷವನ್ನು! ಅಷ್ಟು ತಡವಾಗಿ ಓಡಿದ ಗಾಡಿ ನನ್ನ ಇಡೀ ಸೇವೆಯಲ್ಲಿ ಒಂದೂ ಇರಲಿಲ್ಲ. "ಡಬ್ಬದ ಮೇಲೆ ಮುಕ್ಕಾಲು ಗಂಟೆ ಅಂತ ಇತ್ತಲ್ಲಯ್ಯ!" ಎಂದೆ. "ಅದು ಇಬ್ಬರೇ ಆಡಿದ್ರೆ ಮಾವ. ಜಗಳ ಆಡದೆ" ಎಂದ.

ಜಯಮ್ಮ ಕಣ್ಣೊರೆಸಿಕೊಂಡಳು. "ನಿಮ್ ಜೀವ ಉಳುದ್ರೆ ಸಾಕು ಅಂತ ಮುತ್ತತ್ತಿ ಆಂಜನೇಯಂಗೆ ಹರಕೆ ಹೊತ್ತೀನಿ. ತಲೆಕೂದಲು ಕೊಡ್ಸ್ತೀನಿ ಅಂದೀನಿ. ನಿಮ್ದು."

ಬೀಗರು ಒಳ್ಳೆಯವರು. ಮೊದಲು ನಕ್ಕವರು ಅವರೇ. ಮುದ್ದೆ ಆರಿತ್ತು, ಸಾರನ್ನು ಮತ್ತೆ ಕಾಯಿಸಿದ್ದರು. ಬೀಗರ ಪಕ್ಕದ ನನ್ನ ಎಲೆ ಬಿಸಿಲಿಗೆ ಬಾಡಿ ಅಂಚು ಸುರುಳಿಯಾಗಿತ್ತು. ಅದನ್ನು ಬದಲಿಸಲು ನಿಂಗೇಗೌಡ ಒಪ್ಪಲಿಲ್ಲ. "ಅನ್ನೆರಡೂವರೆ ಎಲೆ ಬಾವ ಅದು. ನೋಡ್ಕಂಡು ಉಣ್ಣಿ."

ಹರಕೆ ತೀರಿಸಿ ಬಂದಿದ್ದೇನೆ. ಬೋಳು ತಲೆಗೆ ಗಾಳಿ ಚೆನ್ನಾಗಿ ತಗಲುತ್ತದೆ. ಹೋದ ಭಾನುವಾರ ನಿಂಗೇಗೌಡ ನಮ್ಮ ಮನೆಗೆ ಬಂದ, ತನ್ನ ಬೀಗರನ್ನು ಹಸಿದು ಕೂರಿಸಿದ ಆಟ ಎಂಥದ್ದು ಎಂದು ಕಣ್ಣಾರೆ ನೋಡಿ ಉಗಿದು ಹೋಗಲು. ವಿಮಾನಗಳು ದಿವಾನದ ಮೇಲೆ ಟವೆಲ್ಲಿನ ಕೆಳಗೆ ಇದ್ದ ಜಾಗದಲ್ಲೇ ಇದ್ದವು. ಪ್ರಕಾಶ, ಪುಟ್ಟಸ್ವಾಮಿ ಬಂದರು. ನಿಂಗೇಗೌಡನಿಗೂ ಒಂದು ಹಸಿರು ವಿಮಾನ ಕೊಟ್ಟು, ಕಿಟಕಿಯ ಕಡೆಯಿಂದ ಬಿಟ್ಟೆವು. ಒಳಗಿನಿಂದ ಒಗ್ಗರಣೆಯ ವಾಸನೆ ಬಂದು, ನಿಂತು, ಆರಿಯೂ ಹೋಯಿತು. ಜಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು.

"ಮುದ್ದೆ ಆರ್ತಾ ಅದೆ. ಎಷ್ಟೊತ್ತಿಗೆ ಮುಗೀತದೆ ಇದು?"

ನನ್ನ ಕೆನ್ನೆ ಮೇಜಿಗೆ ಒತ್ತಿತ್ತು, ಒಂದು ಕಣ್ಣು ಮುಚ್ಚಿತ್ತು. ತಲೆ ಎತ್ತದೆಯೇ ಉತ್ತರ ಕೊಟ್ಟೆ. ಕೊಟ್ಟ ಮೇಲೆ, ಅದು ಯಾರ ದನಿ ಎಂದು ಬೆಚ್ಚಿ ಸುತ್ತಲೂ ನೋಡಿದೆ. ಬೇರೆ ಯಾರೂ ಬಾಯಿ ತೆರೆದಿರಲಿಲ್ಲ.

"ಮುಗೀತದೆ, ಕೂತ್ಕೊ."