ಗಾರಾ ಬರತಾವ!

ಆಕಾಶ ನೋಡಿ ಮಳೆ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ಆಕಾಶ ನೋಡದೆಯೇ ಹೇಳುವವರನ್ನಂತೂ ಕೇಳಲೇಬೇಡಿ. ದುರ್ದೈವವೆಂದರೆ, ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ನಾನು ಆ ಎರಡನೆಯ ಪಂಗಡದಲ್ಲೇ ಸಂಬಳ ತಿನ್ನುತ್ತಿದ್ದೆ. ಬೇಸಿಗೆಯ ಗುಡುಗು, ಬಿರುಗಾಳಿಗಳ ಅಭ್ಯಾಸಕ್ಕೆಂದು ಬೆಳಗಾವಿಯ ಹೊರಗೊಂದು ಬಯಲಿನಲ್ಲಿ ರೇಡಾರ್ ತಂದು ನಿಲ್ಲಿಸಿದ್ದರು. ಮೋಡದೊಳಗಿನ ನೀರು ದುಂಡು ಗಾಜಿನ ಮೇಲೆ ಹಸಿರು ಚುಕ್ಕೆಯಾಗಿ ಹೊಳೆಯುತ್ತಿತ್ತು. ಆ ಚುಕ್ಕೆಗಳನ್ನು ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತಿಸುವ ಘನಕಾರ್ಯ ನನ್ನದು. ಕಿಟಕಿ ಮುಚ್ಚಿದ ಕತ್ತಲೆಯಲ್ಲಿ ಕೂತಿರುತ್ತಿದ್ದುದರಿಂದ, ಹೊರಗೆ ಮಳೆ ಬಂದದ್ದು ಚಹಾದವನು ತೊಯ್ದು ಬಂದಾಗಲೇ ನಮಗೆ ತಿಳಿಯುತ್ತಿತ್ತು. ನಮ್ಮ ಸಾಹೇಬರು ಪುಣೆಯ ಕಡೆಯವರು, ಭಾರಿ ಓದಿದವರು. ಬಂದ ಹೊಸದರಲ್ಲಿ ಖಾನಾಪುರದ ಆಚೆ ಒಂದು ಭಯಂಕರ ಮೋಡ ಕಂಡು, ಅದು ವಾರಗಟ್ಟಲೆ ಕದಲದೆ ನಿಂತದ್ದಕ್ಕೆ ಬೆರಗಾಗಿ ಉದ್ದನೆಯ ಟಿಪ್ಪಣಿ ಬರೆದಿದ್ದರು. ಅದು ಗುಡ್ಡ.

ಇಂಥವರ ಸಹವಾಸದಲ್ಲಿ ನನ್ನ ಕನ್ನಡವೂ ಕೆಟ್ಟಿತು. ಆಣಿಕಲ್ಲು ಎನ್ನುವ ಬದಲು ಸಾಹೇಬರ ಮರಾಠಿಯಲ್ಲಿ ‘ಗಾರಾ’ ಎನ್ನತೊಡಗಿದೆ. ಅದರಲ್ಲೇನೋ ಒಂದು ವಿಜ್ಞಾನದ ಗತ್ತು ಇದ್ದಂತೆ ಅನಿಸುತ್ತಿತ್ತು.

ಖಾನಾಪುರದಲ್ಲಿ ನನ್ನ ಮಾವನವರದು ಹೆಂಚಿನ ಭಟ್ಟಿ. ಮಳೆಗಾಲಕ್ಕೆ ಮುಂಚೆ ನಂದಗಡದ ಸಾಲೆಯ ಮಾಡಿಗೆ ಹೆಂಚು ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಮಾತು ತಪ್ಪುವುದೆಂದರೆ ಅವರಿಗೆ ಮೂಗು ಕೊಯ್ಸಿಕೊಂಡಂತೆ. ಒಂದು ದಿನ ಗಾಜಿನ ಮೇಲೆ ಖಾನಾಪುರದತ್ತ ಹೊರಟ ದಪ್ಪ ಚುಕ್ಕೆಯೊಂದನ್ನು ಕಂಡೆ. ಸಾಹೇಬರು “ಗಾರಾ!” ಎಂದು ಕುಣಿದರು. ಇನ್ನೂ ಸುಡದ ಹಸಿ ಹೆಂಚು ಅಂಗಳದಲ್ಲಿರಬಹುದೆಂದು ಹೊಳೆದು ಫೋನಿನತ್ತ ಓಡಿದೆ. ಭಟ್ಟಿಯ ಬಾಜುವಿನ ಕಟ್ಟಿಗೆ ಅಡ್ಡೆಗೆ ಫೋನು ಹಚ್ಚಿ, ಮಾವನವರನ್ನು ಕರೆಸಿ ಕಿರುಚಿದೆ: “ಮಾವಾರ, ಮಧ್ಯಾಹ್ನ ಗಾರಾ ಬರತಾವ! ಭಾಳ ಬರತಾವ! ಲಗೂನ ಶೆಡ್ಡಿನ್ಯಾಗ ಜಾಗಾ ಮಾಡ್ರಿ!”

“ಬರಲಿ, ಬರಲಿ! ಕಡೀಕೂ ನಿಮ್ಮಿಂದ ಒಂದ್ ಕೆಲಸ ಆತು!” ಎಂದರು.

ಸಂಜೆ ಹೊಗಳಿಸಿಕೊಳ್ಳಲೆಂದೇ ಬಸ್ಸು ಹತ್ತಿ ಹೋದೆ. ರೇಡಾರು ಜನ್ಮದಲ್ಲಿ ಮೊದಲ ಬಾರಿ ಖರೇ ಹೇಳಿತ್ತು. ಅಂಗಳದ ತುಂಬ ಆಣಿಕಲ್ಲು, ಅದರಡಿ ಕುಳಿಬಿದ್ದು ತೂತಾದ ಹಸಿ ಹೆಂಚು. ಶೆಡ್ಡು ಮಾತ್ರ ಗುಡಿಸಿ ಸಾರಿಸಿದಂತೆ ಖಾಲಿ.

“ಅಳಿಯಂದ್ರ, ಭಟ್ಟಿಯಾಗ ಗಾರಾ ಅಂದ್ರ ಮಣ್ಣಲ್ಲೇನ್ರಿ?” ಎಂದರು ಮಾವನವರು. “ಮಚ್ಛೆ ಕಡಿಂದ ಮಣ್ಣ ಕಳಸ್ತೀನಿ, ಕಳಸ್ತೀನಿ ಅಂತ ವರ್ಷಾತು ಹೇಳಾಕತ್ತೀರಿ. ಇವತ್ತ ಲಾರಿ ಬಂತಂತ ತಿಳದು, ಒಳಗಿದ್ದ ಹೆಂಚೆಲ್ಲಾ ಹೊರಗ ಹರವಿ ಜಾಗಾ ಮಾಡೀವಿ.”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹೆಂಚೂ ಕೆಡುತ್ತಿರಲಿಲ್ಲ.

ಮರುದಿನ ಸಾಹೇಬರು ಜೀಪಿನಲ್ಲಿ ಬಂದರು. ಹೆಂಚಿನ ಮೇಲಿನ ಒಂದೊಂದು ಕುಳಿಯನ್ನೂ ಪಟ್ಟಿ ಹಿಡಿದು ಅಳೆದರು. ಆಣಿಕಲ್ಲಿನ ಗಾತ್ರಕ್ಕೆ ಇಂಥ ಪುರಾವೆ ಯಾವ ದೇಶದವರಿಗೂ ಸಿಕ್ಕಿರಲಾರದು ಎಂದು ಆನಂದಪಟ್ಟರು. ಮುಂದಿನ ಬಿರುಗಾಳಿಗೂ ದಯವಿಟ್ಟು ಹೀಗೆಯೇ ಹರವಿಡಬಹುದೇ ಎಂದು ಮಾವನವರನ್ನು ಕೇಳಿದರು. ಮಾವನವರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಂಥ ನೋಟವನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಕೊಟ್ಟ ಮಾತಿಗಾಗಿ ಅವರು ಮನೆಮಂದಿಯನ್ನೆಲ್ಲ ಮಣ್ಣಿಗಿಳಿಸಿದರು. ನಾನೂ ರಜೆ ಹಾಕಿ ಮಣ್ಣು ತುಳಿದೆ. ಗಾರಾ ಎಂದರೇನೆಂದು ಮೊಣಕಾಲಿನವರೆಗೆ ಅರ್ಥವಾಯಿತು. ಸಾಲೆಯ ಮಾಡು ಮಳೆಗಾಲಕ್ಕೆ ಮುಂಚೆಯೇ ಹೆಂಚು ಹೊತ್ತಿತು.

ಹೊರಡುವಾಗ ಮಾವನವರು ಒಂದು ಸುಟ್ಟ ಹೆಂಚು ಕೈಗಿತ್ತರು. ಆ ದಿನದ್ದೇ ಅದು, ನಡುವೆ ಆಣಿಕಲ್ಲಿನ ತೂತು. “ಇದನ್ನ ನಿಮ್ಮ ಆರಾಮ ಕುರ್ಚಿ ಮ್ಯಾಲಿನ ಮಾಡಿಗೆ ಹಾಕಸ್ರಿ. ಮಳಿ ಬಂದ್ರ ಎಲ್ಲಾರಕಿಂತ ಮೊದಲ ನಿಮಗ ಗೊತ್ತಾಗಲಿ” ಎಂದರು.

ಹೆಂಡತಿ ಮರುದಿನವೇ ಹಾಕಿಸಿದಳು. ರೇಡಾರು ಎಂದೋ ಗುಜರಿಗೆ ಹೋಯಿತು. ಹೆಂಚು ಮಾತ್ರ ಇಂದಿಗೂ ಕೆಲಸದಲ್ಲಿದೆ. ಒಮ್ಮೆಯೂ ತಪ್ಪು ಹೇಳಿಲ್ಲ. ಹೇಳುವುದೆಲ್ಲ ನೆಟ್ಟಗೆ ನನ್ನ ಬೋಳುತಲೆಗೇ.