ಉಪ್ಪಿನ ಥೀಸಿಸ್ಸು

ಸಂಖ್ಯಾಶಾಸ್ತ್ರದ ಪ್ರಕಾರ ಅಪರೂಪದ ಘಟನೆ ಅಪರೂಪಕ್ಕೇ ಆಗಬೇಕು. ನನ್ನ ಸಂಶೋಧನೆಯಲ್ಲಿ ಮಾತ್ರ ಅದು ವಾರವಾರವೂ ಆಗುತ್ತೆ, ಅದೂ ನಾನು ಬಸ್ ಇಳಿಯೋದನ್ನೇ ಕಾದುಕೊಂಡಿದ್ದು.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದ ಬೇಸಾಯದ ಮನೆ. ಮಗಳು ಡಾಕ್ಟರಾಗ್ತಾಳೆ ಅಂತ ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಾಳೆ. ಸೂಜಿ ಚುಚ್ಚೋ ಡಾಕ್ಟರಲ್ಲಮ್ಮ, ಚುಚ್ಚಿಸಿಕೊಂಡವರ ಲೆಕ್ಕ ಹಾಕೋ ಡಾಕ್ಟರು ಅಂತ ಬಿಡಿಸಿ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ.

ನನ್ನ ವಿಷಯ ಉಪ್ಪು. ಅರ್ಧ ಮನೆಗಳಿಗೆ ಮಾಮೂಲಿ ಉಪ್ಪು, ಇನ್ನರ್ಧ ಮನೆಗಳಿಗೆ ಸೋಡಿಯಂ ಕಮ್ಮಿ ಇರೋ ಉಪ್ಪು. ಕೆಲವು ತಿಂಗಳು ಬಿಟ್ಟು ಯಾರ ಬಿ.ಪಿ. ಇಳಿದಿದೆ ಅಂತ ನೋಡೋದು, ಅಷ್ಟೇ. ಆದರೆ ನನ್ನ ಗೈಡ್ ಈ ವರ್ಷ ನಿವೃತ್ತಿ. ಅಷ್ಟರೊಳಗೆ ಥೀಸಿಸ್ ಕೊಡದಿದ್ದರೆ ಹೊಸ ಗೈಡ್, ಹೊಸ ವಿಷಯ, ಮತ್ತೆ ಮೊದಲಿಂದ ಶುರು. ಆಮೇಲೆ ನಾನು ಡಾಕ್ಟರಾಗೋ ಹೊತ್ತಿಗೆ ನನಗೇ ಒಬ್ಬ ಡಾಕ್ಟರು ಬೇಕಾಗಿರುತ್ತೆ.

ಅಣ್ಣನ ಮನೆ, ತಮ್ಮನ ಮನೆ

ಮೊದಲು ಹೋಗಿದ್ದು ಕಕ್ಕಬೆಗೆ. ಯಾವ ಮನೆಗೆ ಉಪ್ಪು ಅಂತ ನಾವು ಆರಿಸೋ ಹಾಗಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಬೇಕು. ಅದು ಒಬ್ಬ ಕಾಫಿ ಬೆಳೆಗಾರರ ಮನೆ ಆರಿಸಿತು, ಪಕ್ಕದಲ್ಲೇ ಇದ್ದ ಅವರ ಅಣ್ಣನ ಮನೆ ಬಿಟ್ಟಿತು. ಕಂಪ್ಯೂಟರಿಗೆ ಕೊಡಗಿನ ರೀತಿ ರಿವಾಜು ಯಾರು ಹೇಳಿಕೊಟ್ಟಿದ್ದಾರೆ? ತಮ್ಮ ನನ್ನನ್ನು ಗೇಟಿನಲ್ಲೇ ತಡೆದರು. ಹಿರಿಯವರು ಪಕ್ಕದಲ್ಲಿರುವಾಗ ಮೊದಲು ನಮ್ಮ ಮನೆಗೆ ಬಂದರೆ ಕುಟುಂಬದವರ ಮುಂದೆ ನಾನು ತಲೆ ಎತ್ತಿ ತಿರುಗೋ ಹಾಗಿಲ್ಲ ಅಂದುಬಿಟ್ಟರು.

ಸರಿ, ಅಣ್ಣನ ಹತ್ತಿರ ಹೋದೆ. ಇದರಲ್ಲಿ ಯಾರ ಕೈವಾಡವೂ ಇಲ್ಲ, ಕಂಪ್ಯೂಟರ್ ಕಣ್ಣು ಮುಚ್ಚಿಕೊಂಡು ಆರಿಸಿದ್ದು, ಹಾಗೆ ಮಾಡಿದರೇನೇ ಪಕ್ಷಪಾತ ಇರಲ್ಲ ಅಂತ ಸಮಾಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

“ಕಣ್ಣು ಮುಚ್ಚಿಕೊಂಡು ಆರಿಸೋಕೆ ಇಷ್ಟು ವರ್ಷ ಓದಬೇಕಾ?”

ಅವರ ಮನಸ್ಸಿಗೆ ನೆಮ್ಮದಿಯಾಗಲಿ ಅಂತ ಅವರ ಬಿ.ಪಿ.ಯನ್ನೇ ಮೊದಲು ನೋಡಿದೆ. ಏರಿ ಕೂತಿತ್ತು. ಕಾರಣ ಉಪ್ಪಲ್ಲ, ನಾನು.

ಬರೀ ಬಾಯಲ್ಲಿ ಅರ್ಧ ಗಂಟೆ

ಬಿ.ಪಿ. ನೋಡೋ ಮೊದಲು ಅರ್ಧ ಗಂಟೆ ಕಾಫಿ ಕುಡಿದಿರಬಾರದು ಅಂತ ನಿಯಮ. ಅದನ್ನು ಬರೆದ ಮಹಾನುಭಾವ ಕೊಡಗಿಗೆ ಕಾಲಿಟ್ಟವನಲ್ಲ. ಅದೇ ಊರಿನ ಇನ್ನೊಂದು ಮನೆಯ ಅಜ್ಜಿ ನನ್ನ ಕೈಗೆ ಲೋಟ ಕೊಟ್ಟು, ಬಂದವರನ್ನು ಒಬ್ಬರೇ ಕುಡಿಯೋಕೆ ಬಿಡೋದು ಚೆನ್ನಾಗಿರಲ್ಲ ಅಂತ ತಾವೂ ಒಂದು ಲೋಟ ಹಿಡಿದರು. ಹಾಗಾದರೆ ಅರ್ಧ ಗಂಟೆ ಕಾಯ್ತೀನಿ ಅಜ್ಜಿ ಅಂದೆ. ಅರ್ಧ ಗಂಟೆ ಬರೀ ಬಾಯಲ್ಲಿ ಕೂರಿಸೋದಾ ಅಂತ ಬಾಳೆಕಾಯಿ ಚಿಪ್ಸ್ ಬಂತು, ಹಿಂದೆಯೇ ಇನ್ನೊಂದು ಸುತ್ತು ಕಾಫಿ ಬಂತು. ಗಡಿಯಾರ ಮತ್ತೆ ಮೊದಲಿಂದ.

ಬೇಡ ಅಂದರೆ ಅವರಿಗೆ ಬೇಜಾರು, ಕುಡಿದರೆ ಅವರೂ ಕುಡೀತಾರೆ. ಆ ಕಡೆ ಕೊನೇ ಬಸ್ಸಿನ ಹೊತ್ತಾಗ್ತಾ ಬಂತು. ನನಗೆ ಅಳು ಬರೋದೊಂದು ಬಾಕಿ. ನನ್ನ ಮುಖ ನೋಡಿ ಗಾಬರಿಯಾದ ಅಜ್ಜಿ, ಮಿಷನ್ನಿನ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿ ಗುಂಡಿ ಒತ್ತಿಬಿಟ್ಟರು. ಆ ಊರಿನಲ್ಲಿ ಅಲ್ಲಿಯವರೆಗೆ ನಾನು ನೋಡಿದ ಎಲ್ಲರ ಬಿ.ಪಿ.ಗಿಂತ ಜಾಸ್ತಿ ನಂಬರು ಬಂತು.

“ಪಾಪ,” ಅಂದರು ಅಜ್ಜಿ, “ಆ ಉಪ್ಪು ನೀನೇ ಇಟ್ಕೊ ಮಗಳೇ.”

ಡ್ರಮ್ಮಿನ ನ್ಯಾಯ

ಹೀಗೆ ಕಕ್ಕಬೆಯ ಮನೆಗಳು ಒಂದೊಂದೇ ಕೈಬಿಟ್ಟು ಹೋದವು. ನನಗೆ ಉಳಿದಿದ್ದು ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಗಳು, ಕಾರ್ಮಿಕರು ಸಾಲಾಗಿ ವಾಸ ಮಾಡೋ ಜಾಗ. ಇಲ್ಲಿಂದ ಒಂದೇ ಒಂದು ಮನೆ ಬಿಟ್ಟುಹೋದರೂ ಲೆಕ್ಕಕ್ಕೆ ಸಾಲಲ್ಲ ಅಂತ ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ನಾನು ಆ ಮಾತನ್ನು ಹಾಗೇ ತಂದು ಎಸ್ಟೇಟಿನ ರೈಟರಿಗೆ, ಅಂದರೆ ಆಳುಗಳ ಹಾಜರಿ ನೋಡೋ ಗುಮಾಸ್ತರಿಗೆ, ಕೈಮುಗಿದು ಒಪ್ಪಿಸಿದೆ. ಒಳ್ಳೇ ಮನುಷ್ಯ. ಅದೇ ತೊಂದರೆಯಾಗಿದ್ದು.

ಉಪ್ಪಿನ ಪೊಟ್ಟಣಗಳ ಮೇಲೆ ಮನೆ ನಂಬರು ಬಿಟ್ಟರೆ ಬೇರೇನೂ ಇಲ್ಲ. ಯಾರಿಗೆ ಯಾವ ಉಪ್ಪು ಅಂತ ಮನೆಯವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರಬಾರದು ಅನ್ನೋದೇ ಶಾಸ್ತ್ರ. ಗುಟ್ಟು ಗೈಡ್ ಒಬ್ಬರ ಹತ್ತಿರ.

ತಿಂಗಳುಗಳು ಕಳೆದವು. ಒಂದು ಮನೆಯೂ ಬಿಟ್ಟುಹೋಗಲಿಲ್ಲ. ಕಾಫಿ ಹಣ್ಣು ಕೊಯ್ಯೋ ಪಿಕಿಂಗ್ ಸಮಯದಲ್ಲೂ ಜನ ಬಂದು ಮರ್ಯಾದೆಯಿಂದ ತೋಳು ಚಾಚಿ ಕೂತರು. ನಾನು ಅಮ್ಮನಿಗೆ ಫೋನ್ ಮಾಡಿ ಪಾಯಸ ಮಾಡು ಅಂದೆ. ಆಮೇಲೆ ಗೈಡ್ ಗುಟ್ಟು ಬಿಚ್ಚಿ ಲೆಕ್ಕ ಹಾಕಿದರೆ, ಎರಡೂ ಗುಂಪಿನ ಬಿ.ಪಿ. ಒಂದೇ. ಮೂತ್ರ ಪರೀಕ್ಷೆ ಮಾಡಿಸಿದರೆ ಸೋಡಿಯಮ್ಮೂ ಒಂದೇ. ಗೈಡ್ ಹಾಳೆಯನ್ನು ಕೆಳಗಿಟ್ಟು, ಅವಳಿ ಮಕ್ಕಳೂ ಇಷ್ಟು ಒಂದೇ ಥರ ಇರಲ್ಲಮ್ಮ, ಹೋಗಿ ಏನಾಗಿದೆ ನೋಡಿಕೊಂಡು ಬಾ ಅಂದರು.

ರೈಟರು ಏನನ್ನೂ ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು. ಶುರುವಿನಲ್ಲೇ ಅರ್ಧ ಲೈನಿನವರು ಜಗಳಕ್ಕೆ ನಿಂತಿದ್ದರಂತೆ. ಪಕ್ಕದ ಮನೆಗೆ ಒಳ್ಳೇ ಉಪ್ಪು ಕೊಟ್ಟು ನಮಗೆ ರುಚಿಯಿಲ್ಲದ್ದು ಕೊಟ್ಟಿದ್ದಾರೆ, ನಾವು ಇದನ್ನು ಬಿಟ್ಟೇಬಿಡ್ತೀವಿ ಅಂತ. ಒಂದು ಮನೆಯೂ ಬಿಡಬಾರದು ಅಂತ ಮೇಡಂ ಕೈಮುಗಿದು ಹೋಗಿದ್ದಾರಲ್ಲ, ಏನು ಮಾಡೋದು? ಅದಕ್ಕೇ ಇವರು ಪ್ರತಿ ತಿಂಗಳೂ ಅಷ್ಟೂ ಪೊಟ್ಟಣ ಬಿಚ್ಚಿ, ತೊಳೆದ ಡ್ರಮ್ಮಿಗೆ ಸುರಿದು, ಚೆನ್ನಾಗಿ ಕಲಸಿ, ಮತ್ತೆ ಅವೇ ಪೊಟ್ಟಣಗಳಿಗೆ ತುಂಬಿಸಿ, ಮೇಣದಬತ್ತಿಯಲ್ಲಿ ಬಾಯಿ ಅಂಟಿಸಿ ಹಂಚಿದ್ದರು.

“ನಂಬರ್ ಮಾತ್ರ ಒಂದೂ ಅದಲುಬದಲಾಗಿಲ್ಲ ಮೇಡಂ. ಆ ಭಯ ನಿಮಗೆ ಬೇಡ.”

ನಾನು ಆ ಡ್ರಮ್ಮಿನ ಪಕ್ಕದಲ್ಲೇ ಕೂತು ಅತ್ತೆ. ರೈಟರು ಪಾಪ, ಕಾಫಿ ತರಿಸಿದರು.

ಉಳಿದ ದಾರಿ

ಗೈಡಿಗೆ ಕನಿಕರ ಬಂತು. ವಿಷಯವನ್ನೇ ತಿರುಗಿಸೋಣ, ಇಂಥ ಅಧ್ಯಯನ ಯಾಕೆ ಕೆಡುತ್ತೆ ಅನ್ನೋದೇ ಥೀಸಿಸ್ ಆಗಲಿ ಅಂದರು. ಉಪ್ಪಿನ ಬಗ್ಗೆ ಏನು ಅಂದುಕೊಂಡಿದ್ದಿರಿ, ಯಾಕೆ ಬೇಡ ಅನ್ನಿಸಿತು ಅಂತ ಮನೆಮನೆಗೆ ಹೋಗಿ ಕೇಳು. ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ, ಆ ವ್ಯತ್ಯಾಸದಲ್ಲೇ ನಮಗೆ ಲೆಕ್ಕ ಸಿಗುತ್ತೆ. ನಾನು ರಿಟೈರ್ ಆಗೋದರೊಳಗೆ ಮುಗಿಸಬಹುದು. ಇದೊಂದೇ ದಾರಿ, ಇದೂ ಹೋದರೆ ಆಯಿತು ಅಂದರು.

ನನಗೆ ಹೋದ ಜೀವ ಬಂತು. ಏನು ಕೇಳ್ತೀರಿ ಅಂತ ಎಸ್ಟೇಟಿನ ಮ್ಯಾನೇಜರಿಗೆ ಮೊದಲೇ ತೋರಿಸಬೇಕು ಅಂತ ರೈಟರು ಅಂದಿದ್ದಕ್ಕೆ, ಪ್ರಶ್ನೆಗಳನ್ನು ಅವರ ಕೈಗೇ ಕಳಿಸಿದೆ. ಜನ ಮನೆಯಲ್ಲಿರೋ ಹಾಗೆ ನೋಡಿಕೊಳ್ಳಿ ಸಾಕು, ಬೇರೆ ಏನೂ ಸಹಾಯ ಮಾಡಬೇಡಿ, ನಿಮ್ಮ ದಮ್ಮಯ್ಯ ಅಂತ ಫೋನಿನಲ್ಲಿ ಬೇಡಿಕೊಂಡೆ.

ಮೊನ್ನೆ ಪಾಲಿಬೆಟ್ಟದಲ್ಲಿ ಬಸ್ ಇಳಿದರೆ ರೈಟರೇ ಬಂದು ನಿಂತಿದ್ದರು. ಮುಖದಲ್ಲಿ ಅದೇ ಹೆಮ್ಮೆ. ನನ್ನ ಕೈಯಿಂದ ಬ್ಯಾಗು ಇಸಕೊಂಡರು.

“ಈ ಸಲ ನೀವು ಅಳೋ ಹಾಗೇ ಇಲ್ಲ ಮೇಡಂ. ಎಲ್ಲ ಮನೆಯವರಿಗೂ ಒಂದೇ ಉತ್ತರ ಬಾಯಿಪಾಠ ಮಾಡಿಸಿದೀನಿ.”