ಐದೂರ ಹೆವಿವೇಟ್ ಬಾಕ್ಸರುಗಳ ಅಧಿಕೃತ ಶ್ರೇಯಾಂಕ

ಮೊದಲು ಒಂದು ಒಗಟು. ಮೂಗಿಗೆ ಗುದ್ದಿದರೆ ರಕ್ತ ಬರುವುದಿಲ್ಲ. ದಿನಾ ಕುಡಿದರೂ ತೂರಾಡುವುದಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಒಂದು ಏಟು ಹೊಡೆದದ್ದಿಲ್ಲ. ಆದರೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿಗೆ ಅದೇ ಒಂದನೇ ನಂಬರಿನ ಹೆವಿವೇಟ್ ಬಾಕ್ಸರ್. ಯಾರು ಹೇಳ್ರಿ?

ನಿಮಗೆ ಬರುವುದಿಲ್ಲ, ಸುಮ್ಮನೆ ತಲೆ ಕೆರೆದುಕೊಳ್ಳಬೇಡ್ರಿ. ಭಂಕೂರಿನ ದೇವಿಂದ್ರನಿಗೂ ಬಂದಿರಲಿಲ್ಲ. ಪಾಪ, ಅವನು ಆ ಬಾಕ್ಸರನ ಹೊಟ್ಟೆಯೊಳಗೇ ಕುಂತು ಬಂದಿದ್ದ.

ಮೇಲ್ಕಂಡ ಐದು ಊರುಗಳಲ್ಲಿ ಬಾಕ್ಸಿಂಗ್ ರಿಂಗ್ ಇರುವುದಿಲ್ಲ. ಗ್ಲೌಸು ಒಂದೇ ಜೋಡಿ ಇರುತ್ತದೆ. ಆದರೆ ಬಾಕ್ಸರುಗಳ ಶ್ರೇಯಾಂಕ ಸಮಿತಿ ಮಾತ್ರ ಪೂರ್ಣ ಪ್ರಮಾಣದಲ್ಲಿ ಅಸ್ತಿತ್ವದಲ್ಲಿರುತ್ತದೆ.

ಸಮಿತಿ ಹುಟ್ಟಿದ್ದು ಶಹಾಬಾದಿನಲ್ಲಿ, ಸೂರ್ಯಕಾಂತ ಮಾಲಕರ ಅಂಗಳದಲ್ಲಿ. ಮಾಲಕರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡೂ, ಅದರ ಮುಂದೆ ಲಾರಿ ತೂಗುವ ಒಂದು ಕಾಟಾವೂ ಇದ್ದವು. ಊರ ಹೊರಗೆ ಹೊಸ ರೋಡ್ ಬಿದ್ದ ಮೇಲೆ ಲಾರಿಗಳು ಈ ಕಡೆ ಹೊಳ್ಳಿ ನೋಡುವುದನ್ನು ಬಿಟ್ಟವು. ಕಾಟಾದ ಮೇಲೆ ಹಂದಿಗಳು ಮಲಗತೊಡಗಿದವು. ಹೀಗಿರುವಾಗ ಒಂದು ದಿನ ಮಾಲಕರು ಫೋನಿನಲ್ಲಿ ಜಗತ್ತಿನ ಅತ್ಯುತ್ತಮ ಹೆವಿವೇಟ್ ಬಾಕ್ಸರುಗಳ ಪಟ್ಟಿ ನೋಡಿದರು. ಬೆಲ್ಟು ಕೊಡುವ ದೊಡ್ಡ ಸಂಸ್ಥೆಗಳೇ ನಾಲ್ಕು ಇವೆ, ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಆದರೂ ನಾಲ್ಕೂ ನಡೆದಿವೆ. ಈ ವ್ಯವಸ್ಥೆ ಅವರ ಮನಸ್ಸಿಗೆ ಬಂತು.

"ಕರೀಮ್ ಸಾಹೇಬ್ರ, ಹೆವಿವೇಟ್ ಅಂದ್ರ ಏನ್ರಿ?" ಎಂದು ಕೇಳಿದರು.

ಅಬ್ದುಲ್ ಕರೀಮ್ ಸಾಹೇಬರು ರಿಟೈರಾದ ಹೆಡ್ ಕ್ಲಾರ್ಕ್. ದಿನಾ ಮುಂಜಾನೆ ಮಾಲಕರ ಪೇಪರ್ ಓದಿ, ಮಾಲಕರ ಚಹಾ ಕುಡಿದು ಹೋಗುವವರು. "ಭಾಳ ತೂಕದವರು ಅಂತ್ರಿ," ಎಂದರು.

"ತೂಕ ಎಲ್ಲಿ ಮಾಡ್ತಾರ?"

ಕರೀಮ್ ಸಾಹೇಬರು ಕಿಡಕಿಯಾಚೆ ಕಾಟಾ ನೋಡಿದರು. ಚಹಾ ಕೆಳಗಿಟ್ಟರು. "ನಿಯಮ ಬರೀಲೇನ್ರಿ?" ಎಂದರು.

ಮಧ್ಯಾಹ್ನದೊಳಗೆ ನಿಯಮ ತಯಾರಾಯಿತು. ಬಾಕ್ಸರುಗಳನ್ನು ತೂಕದ ಹಿರಿತನದ ಮೇರೆಗೆ ಕ್ರಮಪಡಿಸತಕ್ಕದ್ದು. ಗುದ್ದಾಟದಿಂದ ಬೆವರು ಸುರಿದು ತೂಕ ಇಳಿಯುವ ಸಂಭವವಿರುವುದರಿಂದ, ಶ್ರೇಯಾಂಕ ಬಯಸುವವರು ಸಾಧ್ಯವಾದ ಮಟ್ಟಿಗೆ ಗುದ್ದಾಟದಿಂದ ದೂರವಿರತಕ್ಕದ್ದು. ತೂಕದ ಚೀಟಿ ಅಧ್ಯಕ್ಷರಾದ ಮಾಲಕರ ಕಾಟಾದ್ದೇ ಆಗಿರತಕ್ಕದ್ದು. ಇನ್ನು ಆ ಕಾಟಾ ಲಾರಿಗಾಗಿ ಮಾಡಿದ್ದು, ಅದಕ್ಕೆ ಬಿಡಿ ಕಿಲೋ ಗೊತ್ತಿಲ್ಲ, ಹತ್ತು, ಇಪ್ಪತ್ತು, ಮೂವತ್ತು ಎಂದೇ ಎಣಿಸುತ್ತದೆ. ಆದ್ದರಿಂದ ಕಾಟಾಕ್ಕೂ ಸಮಿತಿಗೂ ಭೇದ ಬಾರದಂತೆ, ಸ್ಥಾನಗಳ ಹೊರತು ಸಮಿತಿಯ ಸಮಸ್ತ ಎಣಿಕೆಯೂ ಹತ್ತರಿಂದಲೇ ಶುರುವಾಗತಕ್ಕದ್ದು. ಈ ಕೊನೆಯ ನಿಯಮವನ್ನು ಆಗ ಯಾರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಇಷ್ಟು ಹೊತ್ತಿಗೆ ದೇವಿಂದ್ರ ಶಹಾಬಾದಿನ ಬಾಜೂಕಿನ ಭಂಕೂರಿನಲ್ಲಿ ಬೇವಿನ ಗಿಡಕ್ಕೆ ಕಲ್ಲಿನ ಪುಡಿ ತುಂಬಿದ ಚೀಲ ಕಟ್ಟಿ ಗುದ್ದಲಿಕತ್ತಿದ್ದ. ಹಗಲೆಲ್ಲ ಪರಸಿ ಕಲ್ಲು ಲಾರಿಗೆ ಏರಿಸುವುದು, ಸಂಜೆಗೆ ಚೀಲ ಗುದ್ದುವುದು. ಐದೂ ಊರಿನಲ್ಲಿ ಖರೆ ಖರೆ ಬಾಕ್ಸಿಂಗ್ ಮಾಡುವವನೆಂದರೆ ಅವನೊಬ್ಬನೇ. ಕಲಬುರಗಿಯ ಪಂದ್ಯದಲ್ಲಿ ಒಬ್ಬ ಪೊಲೀಸನನ್ನು ಕೆಡವಿ, ಅಂಜಿಕೆಗೆ ತಾನೇ ಕೈ ಹಿಡಿದು "ಏಳ್ರಿ ಸಾಹೇಬ್ರ" ಎಂದು ಎಬ್ಬಿಸಿ, ಮತ್ತೆ ಕೆಡವಿದ್ದ. ಆ ಒಂದು ಜೋಡಿ ಗ್ಲೌಸು ಬಹುಮಾನ ಬಂದದ್ದು ಅಲ್ಲಿಯೇ.

ಸೇಡಂ ರೋಡಿನ ನೀಲಗಲ್ಲು ಸಿಮೆಂಟ್ ಕಾರ್ಖಾನೆಯವರು ಕ್ರೀಡಾ ಕೋಟಾದಲ್ಲಿ ಗೇಟಿಗೆ ಒಬ್ಬ ಗಾರ್ಡ್ ಬೇಕೆಂದು ಪ್ರಕಟಿಸಿದ್ದರು. ಯಾವುದಾದರೂ ಸಮಿತಿಯ ಶ್ರೇಯಾಂಕದಲ್ಲಿ ಒಂದನೇ ನಂಬರ್ ಇರಬೇಕು, ಅಷ್ಟೇ ಅರ್ಹತೆ. ದೇವಿಂದ್ರನ ತಾಯಿ ಅನಸುಬಾಯಿ ಬಸ್ಸಿನ ಕಿಡಕಿಯಿಂದ ಆ ಗೇಟು ನೋಡಿದ್ದಳು. ಗೇಟಿನ ಬದಿಗೆ ಗಿಡ, ಗಿಡದ ನೆರಳಿಗೆ ನೀಲಿ ಬಣ್ಣದ ಪ್ಲಾಸ್ಟಿಕ್ ಕುರ್ಚಿ.

"ಕುಂದ್ರೋ ನೌಕರಿ ಅದು, ನನ್ನಪ್ಪಾ," ಎಂದಳು. "ನಿಮ್ಮಪ್ಪ ಕಲ್ಲು ಹೊತ್ತು ಹೊತ್ತು, ಸತ್ತಾಗ ಸುದ್ದಾ ಬೆನ್ನು ನೆಟ್ಟಗ ಆಗಲಿಲ್ಲ. ಕಡೀಕ ಹೆಣಾನ ನಾಲ್ಕು ಮಂದಿ ಹಿಡಿದು ಒತ್ತಿದ್ರು. ನೀ ಕುಂತಿದ್ದು ನಾ ನೋಡ್ಬೇಕು."

"ಕುಂದುರತೀನಿ ಬಿಡವ್ವಾ," ಎಂದ ದೇವಿಂದ್ರ.

ಹೀಗಾಗಿ ಅವನು ಶಹಾಬಾದಿಗೆ ಬಂದು, ಹಂದಿ ಎಬ್ಬಿಸಿ, ಕಾಟಾದ ಮೇಲೆ ನಿಂತ. ಕಾಟಾ ಸೊನ್ನೆ ತೋರಿಸಿತು. ಕುಣಿದು ನೋಡಿದ. ಸೊನ್ನೆ.

"ಲಾರಿಗೆ ಕಟ್ಟಿದ ಕಾಟಾರಿ ಇದು, ಎರಡು ಕ್ವಿಂಟಲ್ ಒಳಗಿದ್ರ ಹಿಡಿಯಂಗಿಲ್ಲ," ಎಂದ ದೇವಿಂದ್ರ.

ಕರೀಮ್ ಸಾಹೇಬರು ಚಷ್ಮಾದ ಮೇಲಿಂದ ನೋಡಿದರು. "ಕಾಟಾ ಮೇಲೆ ಆಕ್ಷೇಪಣೆ ಮಾಡಾಕತ್ತೀಯೇನು? ಅದಕ್ಕ ಬ್ಯಾರೆ ಚೀಟಿ ತಗೋಬೇಕು. ನಿಯಮದ ಪ್ರಕಾರ ನೀ ಈಗ ತೂಕವಿಲ್ಲದ ಹೆವಿವೇಟ್."

"ಹಂಗಾರ ಏನ್ ಮಾಡ್ಲಿರಿ?"

"ಕಲ್ಲು ಹ್ಯಾಂಗ ತೂಗ್ತಾರ? ಗಾಡಿಯಾಗ ಹಾಕಿ ಒಮ್ಮೆ ತೂಗ್ತಾರ, ಗಾಡಿ ಖಾಲಿ ಮಾಡಿ ಮತ್ತೊಮ್ಮೆ ತೂಗ್ತಾರ. ಕಳದ್ರ ಉಳಿದದ್ದು ಕಲ್ಲು. ನೀನೂ ಹಂಗಽ ಬಾ."

ದೇವಿಂದ್ರ ವಾಡಿಯ ಮಶಾಕ ಚಾಚಾನನ್ನು ಕರೆದುಕೊಂಡು ಬಂದ. ಮಶಾಕ ಚಾಚಾ ವಾಡಿ ಸ್ಟೇಷನ್ನಿನಿಂದ ಶಹಾಬಾದಿಗೆ ಟಂಟಂ ಹೊಡೆಯುವವನು. ಮೂರು ಗಾಲಿಯ ಆ ಗಾಡಿ ಎಷ್ಟು ಮಂದಿಗೆಂದು ಮಾಡಿದ್ದೋ ಮಾಡಿದವರಿಗೇ ನೆನಪಿಲ್ಲ. ದೇವಿಂದ್ರ ಹಿಂದಿನ ಸೀಟಿನಲ್ಲಿ ಕುಂತು ಕಾಟಾ ಏರಿದ. ಮೊದಲನೇ ಚೀಟಿ ಬಂತು. ಇಳಿದ. "ಚಾಚಾ, ಹೊರಗ ಹೋಗಿ ಒಂದು ಸುತ್ತು ಹೊಡೆದು ಖಾಲಿ ಗಾಡಿ ತಗೊಂಡು ಬಾ," ಎಂದ. ಕಾಟಾದ ಮೇಲೆ ಹಾಗೇ ನಿಂತರೆ ನಡೆಯುವುದಿಲ್ಲ, ಇಳಿದು ಹೋಗಿ ಮತ್ತೆ ಏರಬೇಕು, ಅದು ಕಾಟಾದ ರಿವಾಜು.

ಆದರೆ ಟಂಟಂದವರಿಗೂ ಒಂದು ರಿವಾಜಿದೆ. ವಾಡಿಯ ಟಂಟಂದವನು ಖಾಲಿ ಗಾಡಿ ಓಡಿಸಿದ್ದನ್ನು ಇಲ್ಲಿತನಕ ಯಾರೂ ನೋಡಿಲ್ಲ. ಮಶಾಕ ಚಾಚಾ ರೋಡಿಗೆ ಹೋದ. ಕೈ ಮಾಡಿದವರನ್ನು ಹತ್ತಿಸಿಕೊಂಡ, ಕೈ ಮಾಡದವರನ್ನೂ ಹತ್ತಿಸಿಕೊಂಡ. ಚಿತ್ತಾಪುರದ ಬೀಗರ ಮನೆಗೆ ಹೊರಟ ಇಡೀ ಸಂಸಾರ, ಅವರ ಜೋಳದ ಚೀಲ, ಒಂದು ಹೋತ, ಎಲ್ಲ ಸೇರಿ ಕಾಟಾ ಏರಿದವು. "ಒಂದು ಮಿನಿಟ್ ಕುಂದ್ರಿ, ಬಾಕ್ಸಿಂಗ್ ಕೆಲಸ ಅದ," ಎಂದು ಅವರಿಗೆ ತಿಳಿಹೇಳಿದ.

ಕರೀಮ್ ಸಾಹೇಬರು ಎರಡೂ ಚೀಟಿ ಮುಂದಿಟ್ಟುಕೊಂಡು ಲೆಕ್ಕ ಮಾಡಿದರು. ತುಂಬಿದ ಗಾಡಿಗಿಂತ ಖಾಲಿ ಗಾಡಿಯ ತೂಕ ಹೆಚ್ಚಿತ್ತು.

"ನಿನ್ನ ತೂಕ ಮೈನಸ್ ಬಂದದ," ಎಂದರು.

"ಸಾಹೇಬ್ರ, ಗಾಡಿಯಾಗ ಮಂದಿ ಕುಂತಾರ ನೋಡ್ರಿ. ಹೋತ ಸುದ್ದಾ ಅದ."

"ಚೀಟಿಯಾಗ ಹೋತದ ಹೆಸರಿಲ್ಲ."

ಆ ವಾರವೇ ಸಮಿತಿಯ ಪ್ರಕಟಣೆ ಪಾಲಿಶ್ ಶೆಡ್ಡಿನ ಗ್ವಾಡೆಗೆ ಹತ್ತಿತು:

"ಐದೂ ಪಟ್ಟಣಗಳ ಬಾಕ್ಸಿಂಗ್ ಪ್ರೇಮಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹಾಲಿ ಅತ್ಯುತ್ತಮ ಹೆವಿವೇಟ್ ಬಾಕ್ಸರುಗಳ ಶ್ರೇಯಾಂಕ ಅಂತಿಮಗೊಂಡಿರುತ್ತದೆ. ಒಂದನೇ ಸ್ಥಾನ: ವಾಡಿಯ ಟಂಟಂ, ಮಾಲಕ ಮಶಾಕ. ಎರಡನೇ ಸ್ಥಾನ: ಅಧ್ಯಕ್ಷರ ಸೇಡಂ ಅಳಿಯಂದಿರು (ಅಂದಾಜು ತೂಕ). ಮೂರನೇ ಸ್ಥಾನ ಚಿತ್ತಾಪುರಕ್ಕೆ ಮೀಸಲು, ವ್ಯಕ್ತಿಯನ್ನು ನಂತರ ಹುಡುಕಲಾಗುವುದು. ನಾಲ್ಕನೇ ಸ್ಥಾನ ಚಿಂಚೋಳಿಯದು, ದೂರವಾಗುವ ಕಾರಣ ತೂಗಿರುವುದಿಲ್ಲ. ಭಂಕೂರಿನ ದೇವಿಂದ್ರ ಇವರು ಸಮಿತಿಗೆ ತೂಕ ಬಾಕಿ ಇರುತ್ತಾರೆ."

ದೇವಿಂದ್ರ ಓದಿದ. ಮತ್ತೆ ಓದಿದ. ಒಳಗೆ ಹೋಗಿ, "ಮಾಲಕ್ರ, ಅದು ಟಂಟಂ ಅದರಿ," ಎಂದ.

"ಹೌದು," ಎಂದರು ಸೂರ್ಯಕಾಂತ ಮಾಲಕರು.

"ಬಾಕ್ಸರ್ ಅಲ್ಲರಿ ಅದು."

"ನೋಡಪ್ಪಾ, ಅದು ಬಂದು ನಿಂತಿತು, ತೂಗಿತು, ಚೀಟಿ ತಗೊಂಡಿತು, ಸುಮ್ಮನೆ ಹೋಯಿತು. ನೀ ಬಂದಾಗಿಂದ ವಾದ ಮಾಡಾಕತ್ತಿ. ಬಾಕ್ಸರಗ ಶಿಸ್ತು ಬೇಕು."

ಕರೀಮ್ ಸಾಹೇಬರು ಸಮಾಧಾನ ಮಾಡಿದರು. ಒಂದನೇ ನಂಬರಿನವರನ್ನು ಇಳಿಸಬೇಕೆಂದರೆ ಅವರಿಗೆ ಸವಾಲು ಹಾಕಿ ಸೋಲಿಸಬೇಕು, ಇದು ಜಗತ್ತಿನ ಎಲ್ಲಾ ಕಡೆ ಇರುವ ಪದ್ಧತಿ. "ಸವಾಲಿನ ಚೀಟಿ ಕೊಡ್ಲೇನು?" ಎಂದರು. ದೇವಿಂದ್ರನ ಕಣ್ಣ ಮುಂದೆ ನೀಲಿ ಕುರ್ಚಿ ಬಂದು ನಿಂತಿತು. "ಕೊಡ್ರಿ," ಎಂದ.

ಪಂದ್ಯಕ್ಕೆ ಐದೂ ಊರಿನ ಮಂದಿ ಕೂಡಿತು. ಮಾಲಕರು ಒಳಗೆ ಬರುವವರನ್ನೆಲ್ಲ, ಚೀಟಿಯ ರೊಕ್ಕ ತಗೊಂಡು, ಕಾಟಾದ ಮೇಲಿಂದಲೇ ಬಿಟ್ಟರು. ಅಂಗಳದ ಇಳಿಜಾರಿನಲ್ಲಿ ನಾಲ್ಕು ಕಲ್ಲು ನೆಟ್ಟು ಹಗ್ಗ ಬಿಗಿದು ರಿಂಗ್ ಮಾಡಿದ್ದರು. ಸಮಾನತೆಯ ದೃಷ್ಟಿಯಿಂದ ದೇವಿಂದ್ರನ ಗ್ಲೌಸಿನಲ್ಲಿ ಒಂದನ್ನು ಬಿಚ್ಚಿಸಿ ಟಂಟಂದ ಕನ್ನಡಿಗೆ ಹಾಕಲಾಯಿತು. ನಂತರ ಆರೋಗ್ಯ ತಪಾಸಣೆ. ಟಂಟಂದ ಹತ್ತಿರ ಆರ್‌ಟಿಓ ಆಫೀಸಿನ ಫಿಟ್ನೆಸ್ ಸರ್ಟಿಫಿಕೇಟ್ ಇತ್ತು, ಇನ್ಶೂರೆನ್ಸ್ ಇತ್ತು, ಹೊಗೆ ತಪಾಸಣೆಯೂ ಆಗಿತ್ತು. ದೇವಿಂದ್ರನ ಹತ್ತಿರ ಇವು ಯಾವೂ ಇರಲಿಲ್ಲ.

"ಬೀಡಿ ಸೇದ್ತೀಯೇನು?" ಕೇಳಿದರು ಕರೀಮ್ ಸಾಹೇಬರು.

"ಇಲ್ಲರಿ."

"ಸರ್ಟಿಫಿಕೇಟ್ ಇಲ್ದ ಹ್ಯಾಂಗ ನಂಬೋದು? ಇರಲಿ, ನಿನ್ನ ಸ್ವಂತ ಜವಾಬ್ದಾರಿ ಮೇಲೆ ಆಡು."

ಮಶಾಕ ಚಾಚಾ ಹಗ್ಗದ ಬದಿಗೆ ಬಂದು ಮೆಲ್ಲಗೆ, "ಬೇಟಾ, ಗ್ಲಾಸಿಗೆ ಮಾತ್ರ ಹೊಡೀಬ್ಯಾಡಪ್ಪೋ, ಮೊನ್ನೀನೇ ಹಾಕ್ಸೀನಿ," ಎಂದ.

"ಚಾಚಾ, ನನ್ನ ನೌಕರಿ ಪ್ರಶ್ನಾ ಅದು."

"ಗೊತ್ತದ. ಬಾಗಿಲಿಗೆ ಹೊಡಿ. ಬಾಗಿಲು ಮದಲಽ ಹೋಗ್ಯಾದ."

ಗಂಟೆ ಹೊಡೆಯಿತು. ದೇವಿಂದ್ರ ಸುತ್ತಿದ, ಬಗ್ಗಿದ, ನೋಡಿದ. ಎದುರಾಳಿ ಅಲುಗಾಡಲಿಲ್ಲ. ಅಂಥ ಧೈರ್ಯ ಅವನು ಕಲಬುರಗಿಯಲ್ಲೂ ಕಂಡಿರಲಿಲ್ಲ. ಕಡೆಗೆ ಹಲ್ಲು ಕಚ್ಚಿ ಮುಂದಿನ ತಗಡಿಗೆ ಒಂದು ಗುದ್ದು ಬಿಟ್ಟ. ತಗಡು ಒಳಗೆ ಹೋಯಿತು. ಟಂಟಂ ಇಳಿಜಾರು ಏರಿ ಹಿಂದಕ್ಕೆ ಸರಿಯಿತು. ಮಂದಿ ಶೀಟಿ ಹೊಡೆದರು. ಅನಸುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ದೇವಿಂದ್ರ ಅವ್ವನ ಕಡೆ ಹೊಳ್ಳಿ ನೋಡಿದ. ಮಶಾಕ ಚಾಚಾ ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ. ಮೇಲೆ ಹೋದ ಟಂಟಂ ತನ್ನ ಪಾಡಿಗೆ ತಾನು ಕೆಳಗೆ ಬಂತು, ಬಂದು ದೇವಿಂದ್ರನ ಸೊಂಟಕ್ಕೆ ಹಗುರಾಗಿ ಹಾಯಿತು. ಅವನು ತೊಪ್ಪನೆ ಕುಂತ.

ಪೆಟ್ಟಾಗಿರಲಿಲ್ಲ. ಆಗಲೇ ಏಳುವವನಿದ್ದ, ಒಂದು ಕೈ ಊರಿದ್ದ. ರೆಫ್ರಿಯಾಗಿದ್ದ ಕರೀಮ್ ಸಾಹೇಬರು ನಿಯಮಾನುಸಾರ ಎಣಿಕೆ ಶುರು ಮಾಡಿದರು.

"ಹತ್ತು," ಎಂದರು.

ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು, ಹತ್ತು ಅಂದರೆ ಮುಗಿಯಿತು. ಟಂಟಂ ತನ್ನ ಸ್ಥಾನ ಉಳಿಸಿಕೊಂಡಿತು. ಅದಕ್ಕೆ ಹಾರ ಹಾಕಿದರು. ಸೋತವನು ಎದುರಾಳಿಯ ತಗಡು ಜಖಂ ಮಾಡಿದ್ದು ಆಟದ ಭಾಗವೆಂದು ಸಮಿತಿ ದೊಡ್ಡ ಮನಸ್ಸಿನಿಂದ ಕ್ಷಮಿಸಿತು.

ಮುಂದಿನ ಸೋಮವಾರ ನೀಲಗಲ್ಲು ಸಿಮೆಂಟಿನವರು ಕ್ರೀಡಾ ಕೋಟಾದಲ್ಲಿ ಟಂಟಂಗೆ ನೌಕರಿಯ ಆದೇಶ ಕೊಟ್ಟರು. ಅದನ್ನು ಗೇಟಿಗೆ ಅಡ್ಡ ನಿಲ್ಲಿಸಿದರು. ಅದು ನಿದ್ದೆ ಮಾಡುವುದಿಲ್ಲ, ಯೂನಿಯನ್ನಿಗೆ ಸೇರುವುದಿಲ್ಲ, ಎಲ್ಲರೂ ಒಪ್ಪುವಂಥ ಗಾರ್ಡು. ತೊಂದರೆ ಒಂದೇ. ಲಾರಿ ಬಂದಾಗ ಅದನ್ನು ಸರಿಸಲು ಒಳಗೆ ಯಾರಾದರೂ ಕುಂದ್ರಬೇಕು. ಅದಕ್ಕೆ ದೇವಿಂದ್ರನನ್ನು ತಗೊಂಡರು. ಒಂದನೇ ನಂಬರಿನ ಸಹಾಯಕ ಎಂದು ಹುದ್ದೆ. ನೀಲಿ ಕುರ್ಚಿ ಒಳಗೆ ಒಯ್ದಿಟ್ಟರು, ಗಾಡಿಯಲ್ಲಿ ಸೀಟು ಇರುವಾಗ ಕುರ್ಚಿ ಯಾಕೆ ಎಂದು. ಅನಸುಬಾಯಿ ಬಸ್ಸಿನ ಕಿಡಕಿಯಿಂದ ಮಗನನ್ನು ನೋಡಿದಳು. ಬಾಜೂದಾಕೆಗೆ, "ಅಗಾ, ಕುಂತಾನ ನೋಡು," ಎಂದಳು.

ಇಲ್ಲಿಗೆ ಮುಗಿಯಿತು ಅನ್ನಬಹುದಿತ್ತು. ಆದರೆ ಆ ಸೋಮವಾರದಿಂದ ಈಚೆಗೆ ಬರೆದದ್ದೆಲ್ಲಾ ನಾನು ಕಟ್ಟಿದ್ದು. ಟಂಟಂಗೆ ನೌಕರಿ ಆಗಲಿಲ್ಲ, ಅದು ಹಿಂಬದಿಗೆ "ನಂ. ೧ ಹೆವಿವೇಟ್" ಅಂತ ಬರೆಸಿಕೊಂಡು ವಾಡಿ ರೋಡಿಗೆ ಓಡಾಡುತ್ತದೆ, ಮಂದಿ ಅದನ್ನೇ ಕಾದು ಹತ್ತುತ್ತಾರೆ. ಒಂದನೇ ನಂಬರಿಗೆ ಕುಂದ್ರಲು ಬರುವುದಿಲ್ಲವೆಂದು, ಗೇಟಿನ ಕುರ್ಚಿಯಲ್ಲಿ ಎರಡನೇ ನಂಬರಿನವರಾದ ಮಾಲಕರ ಸೇಡಂ ಅಳಿಯಂದಿರು ಇದ್ದಾರೆ. ನಿಜವಾದ ಕೊನೆ ಸಮಿತಿಯ ಮುಂದೆ ದೇವಿಂದ್ರ ಹಾಕಿದ ಮೇಲ್ಮನವಿಯಲ್ಲಿದೆ, ಇನ್ನೂ ಮಂಜೂರಾಗಿಲ್ಲ. ದೇವಿಂದ್ರ ಕುಂತಾನ ಅನ್ನೋದಷ್ಟೇ ಖರೆ. ಸಮಿತಿಯ ಬಾಗಿಲ ಮುಂದೆ ಒಂದು ಪರಸಿ ಕಲ್ಲಿದೆ, ಅವನೇ ಒಂದು ದಿನ ಹೊತ್ತು ತಂದು ಹಾಕಿದ್ದು. ಅದರ ಮ್ಯಾಲ ಕುಂತಾನ.